ಆಂಟಿ ಕರೆತಂದ ಫ್ರೆಂಡ್

ಅಮೆರಿಕದ ಮೀರಾ ಮೆಸಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಂಗಳೂರಿನ ಆಂಟಿ ಪ್ರತಿ ಶನಿವಾರ ಚರ್ಚಿನವರ ಜೊತೆ ಜೈಲಿಗೆ, ಅಲ್ಲಿದ್ದವರನ್ನು ಮಾತಾಡಿಸಲು ಹೋಗುತ್ತಿದ್ದರು. ಯಾರಾದರೂ 'ಕೈದಿಗಳು' ಎಂದರೆ ಸಾಕು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಫ್ರೆಂಡ್ಸ್ ಮಾರಾಯ್ರೆ, ನನ್ನ ಫ್ರೆಂಡ್ಸ್" ಎಂದು ತಿದ್ದುತ್ತಿದ್ದರು. ನಮ್ಮ ಕನ್ನಡ ಬಳಗಕ್ಕೆ ಅವರ ಮೇಲೆ ಅಪಾರ ಗೌರವ. ಜೈಲು ಸಾಕಷ್ಟು ದೂರವಿದ್ದದ್ದರಿಂದ ಗೌರವಿಸುವುದು ಸುಲಭವೂ ಆಗಿತ್ತು. ಒಬ್ಬ ಅಂಕಲ್ ಅಂತೂ ಸಿಕ್ಕಾಗಲೆಲ್ಲ, "ನಿಮ್ಮ ಫ್ರೆಂಡ್ಸ್‌ನ ನಾನೂ ಒಂದ್ಸಲ ಮೀಟ್ ಮಾಡ್ಬೇಕು ಮೇಡಂ" ಎನ್ನುತ್ತಿದ್ದರು.

ಕೋವಿಡ್ ಕಳೆದ ಮೇಲಿನ ಮೊದಲ ಯುಗಾದಿಗೆ, ಬಳಗದವರೆಲ್ಲ ಒಂದೊಂದು ಅಡುಗೆ ಮಾಡಿ ತಂದು ಒಟ್ಟಿಗೆ ಉಣ್ಣುವ ಪಾಟ್‌ಲಕ್‌ಗೆ ಆಂಟಿ, ಆ ವಾರವಷ್ಟೇ ಬಿಡುಗಡೆಯಾಗಿದ್ದ ಒಬ್ಬ ಗೆಳೆಯನನ್ನು ಕರೆತಂದರು. ಕೈತುಂಬ ಹಚ್ಚೆಯಿದ್ದ ಆ ಅಮೆರಿಕನ್, ತಟ್ಟೆ ಹಿಡಿದು ಕೂತೊಡನೆ ಅಕ್ಕಪಕ್ಕದವರಿಗೆಲ್ಲ ಒಟ್ಟಿಗೇ ಬಾಯಾರಿಕೆಯಾಯಿತು; ನೀರಿಗೆಂದು ಎದ್ದುಹೋದರು.

ಅದೇ ಅಂಕಲ್ ಆಂಟಿಯ ಬಳಿ ಬಂದು ಪಿಸುಗುಟ್ಟಿದರು: "ಮಕ್ಕಳಿರೋ ಜಾಗಕ್ಕೆ ಇವ್ರನ್ನ ಯಾಕೆ ಕರ್ಕೊಂಡ್ ಬಂದ್ರಿ ಮೇಡಂ?"

"ಮೀಟ್ ಮಾಡ್ಬೇಕು ಅಂತ ನೀವೇ ಹೇಳಿದ್ದಲ್ವಾ? ಅಲ್ಲಿಗೆ ಬರ್ಲಿಕ್ಕೆ ನಿಮಗೆ ಟೈಮಿಲ್ಲ, ಪಾಪ. ಅದಕ್ಕೆ ಇಲ್ಲಿಗೇ ಕರ್ಕೊಂಡು ಬಂದೆ."

ಕನ್ನಡ ತಿಳಿಯದ ಗೆಳೆಯ, ಅಂಕಲ್ ಏನು ಹೇಳಿದರೆಂದು ಆಂಟಿಯನ್ನು ಕೇಳಿದ. ಆಂಟಿ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, "ನಿನಗೆ ಇನ್ನೊಂದು ಹೋಳಿಗೆ ತಂದು ಕೊಡ್ತಾರಂತೆ" ಎಂದರು.

ಆತನ ಮುಖ ಅರಳಿತು. ಅಂಕಲ್ ಹೋಳಿಗೆ ತರಲು ಹೊರಟರು.