ಹಿಂಡಿನ ನಡುವೆ

ಇವತ್ತು ಹೊಳಲ್ಕೆರೆ ಬಸ್ಸಿನ ನಡುವಿನ ಸೀಟಿನಲ್ಲಿ, ಪಕ್ಕ ಕುಳಿತ ಅಜ್ಜಿಯ ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಪುಟ್ಟ ಹುಡುಗಿಯಾಗಿ ನಮ್ಮೂರ ಸರ್ಕಾರಿ ಶಾಲೆಯ ಬಾಗಿಲಲ್ಲಿ ನಿಂತಿದ್ದೆ.

ಹುಟ್ಟಿನಿಂದಲೇ ನನಗೆ ಕಣ್ಣು ಕಾಣದು. ಆವತ್ತು ಕುರಿ ಕಾಯುವ ನನ್ನಜ್ಜನ ಕಂಬಳಿಯ ಅಂಚು ಹಿಡಿದಿದ್ದೆ. ಒರಟು ಉಣ್ಣೆ, ಅದರೊಳಗೆ ಹೊಗೆ, ಹಾಲು, ಮರಿಗಳ ಬೆಚ್ಚನೆಯ ವಾಸನೆ.

“ಇವಳನ್ನ ದುರ್ಗದ ಕುರುಡು ಮಕ್ಕಳ ಹಾಸ್ಟೆಲಿಗೆ ಬಿಡ್ರಿ ಅಂತಾರೆ ಎಲ್ಲಾರೂ. ಇಲ್ಲೇ ಓದಾಕೆ ಆಗಲ್ವಾ ಟೀಚರಮ್ಮ?” ಎಂದ ಅಜ್ಜ.

ಟೀಚರ್ ತಿರುಗಿ ಕೇಳಿದರು: “ಕಣ್ಣು ಕಾಣದ ಮರಿನ ಹಿಂಡಿನಾಗೆ ಎಲ್ಲಿ ಬಿಡ್ತೀರಜ್ಜ?”

“ನಡುವೆ ಬಿಡ್ತೀವಿ ಕಣವ್ವ. ಅಕ್ಕಪಕ್ಕದವಕ್ಕೆ ಮೈ ತಾಗಿಸ್ಕೊಂಡು ನಡೀತೈತೆ.”

“ಹಂಗಾದ್ರೆ ಇವಳೂ ನಡುವೆ ಕುಂತ್ಕಳ್ಲಿ ಬಿಡ್ರಿ.”

ಹಾಗೆ ನಾನು ನಡುಸಾಲಿನ ನಡುವೆ ಕುಳಿತೆ. ಎಡಕ್ಕೊಂದು ಭುಜ, ಬಲಕ್ಕೊಂದು ಭುಜ, ಸುತ್ತ ಕೊಬ್ಬರಿ ಎಣ್ಣೆಯ ಜಡೆಗಳ ಘಮ. ಮಗ್ಗಿ ಹೇಳುವಾಗ ಇಡೀ ಸಾಲು ತೂಗುತ್ತಿತ್ತು, ನನ್ನನ್ನೂ ತೂಗಿಸುತ್ತಿತ್ತು.

“ಮೇಡಂ, ಮುಂದೆ ನಿಮ್ಮಂಥೋರ ಸೀಟು ಖಾಲಿ ಐತೆ, ಬರ್ರಿ,” ಎಂದು ಕಂಡಕ್ಟರ್ ಕರೆದ.

“ಇಲ್ಲೇ ಇರ್ತೀನಪ್ಪ,” ಎಂದು ಒದ್ದೆ ಕಂಬಳಿಯ ಕಡೆಗೆ ಇನ್ನಷ್ಟು ಸರಿದು ಕುಳಿತೆ.