ಅತ್ತಿಗೆ ಬೆಳೆಸಿದ ಮೂಗು

ನನ್ನ ಅತ್ತಿಗೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳ ಕೆಲಸವೂ ಮೂಗಿನದೇ. ಎದುರಿಗೆ ‘ನೀವು’ ಎನ್ನುತ್ತೇನೆ. ಇಲ್ಲಿ ‘ಅವಳು’ ಎಂದೇ ಬರೆಯುತ್ತೇನೆ. ಅಷ್ಟು ಸ್ವಾತಂತ್ರ್ಯವಾದರೂ ನನಗಿರಲಿ.

ಮನುಷ್ಯನ ಮೂಗಿನೊಳಗೆ ವಾಸನೆ ಹಿಡಿಯುವ ಪ್ರೋಟೀನುಗಳು ನೂರಾರಿವೆ. ಯಾವುದು ಯಾವ ವಾಸನೆಗೆ ಎಂಬುದು ಬಹಳಷ್ಟರ ವಿಷಯದಲ್ಲಿ ಯಾರಿಗೂ ಗೊತ್ತಿಲ್ಲ. ಅಂಥ ಒಂದು ಪ್ರೋಟೀನಿನ ಜೀನನ್ನು ಬೇರೆ ಜೀವಕೋಶಗಳಿಗೆ ಸೇರಿಸಿ, ಅವುಗಳಿಂದ ಅದನ್ನು ಮಾಡಿಸಿ, ಸೋಸಿ ತೆಗೆದು, ಉಗುರಗಲದ ಗಾಜಿನ ಚೂರಿಗೆ ಅಂಟಿಸುವುದು ಲ್ಯಾಬಿನಲ್ಲಿ ಅತ್ತಿಗೆಯ ಕೆಲಸ. ಆ ಪ್ರೋಟೀನಿಗೆ ತಾನು ಹಿಡಿಯುವ ವಾಸನೆ ತಾಗಿದರೆ ಕಂಪ್ಯೂಟರಿನ ಪರದೆಯ ಮೇಲಿನ ಗೆರೆ ಏರಬೇಕು. ನಾನು ಅದೇ ಲ್ಯಾಬಿನ ಸ್ಟೋರಿನಲ್ಲಿ ಗ್ಲೌಸು, ಟ್ಯೂಬು ಕೊಡುವವಳು.

ಆ ಒಂದು ಪ್ರೋಟೀನಿಗಾಗಿ ಅವಳು ಎಲ್ಲರ ಪ್ರಾಣ ತಿಂದಳು. ಲ್ಯಾಬಿಗೆ ಯಾರೂ ಸೆಂಟು ಹಾಕಿ ಬರುವಂತಿಲ್ಲ, ಕಾಫಿ ಕುಡಿದು ಬರುವಂತಿಲ್ಲ. ಮನೆಯಲ್ಲಿ ನನ್ನ ತಲೆಯೆಣ್ಣೆ, ಪೌಡರು, ಘಮಘಮಿಸುವ ಸೋಪು ಎಲ್ಲವೂ ಕಸದ ಬುಟ್ಟಿ ಸೇರಿದವು. ಉಳಿದದ್ದು ಅಮ್ಮನ ಮಂಡಿಯ ಮುಲಾಮು ಮಾತ್ರ. ಅಮ್ಮನಿಗೂ ಅವಳಿಗೂ ಎಣ್ಣೆ ಸೀಗೇಕಾಯಿ, ಮಾತು ನಿಂತು ಎಷ್ಟೋ ಕಾಲವಾಗಿದೆ. ಆದರೂ ದಿನಾ ಬೆಳಿಗ್ಗೆ ಅತ್ತಿಗೆ ಮುಖ ಗಂಟಿಕ್ಕಿಕೊಂಡು ಕೂತು ಆ ಮುಲಾಮು ತಿಕ್ಕುತ್ತಾಳೆ. ಅಮ್ಮ ಗೋಡೆ ನೋಡುತ್ತಾ ತಿಕ್ಕಿಸಿಕೊಳ್ಳುತ್ತಾಳೆ.

ಲ್ಯಾಬಿನಲ್ಲಿ ಗೆರೆ ಯಾವ ವಾಸನೆಗೂ ಏರಲಿಲ್ಲ. ಆದರೆ ಬರೀ ಶುದ್ಧ ಗಾಳಿ ಬಿಟ್ಟಾಗಲೂ ಕೆಲವೊಮ್ಮೆ ಸುಮ್ಮನೆ ಏರಿಬಿಡುತ್ತಿತ್ತು. ಪ್ರೋಟೀನೇ ಕೆಟ್ಟಿದೆ, ಬಿಟ್ಟುಬಿಡಿ ಎಂದರು ಮುಖ್ಯಸ್ಥರು. ಅತ್ತಿಗೆಯ ಪಿತ್ತ ನೆತ್ತಿಗೇರಿತು. ಪ್ರೋಟೀನು ಚೆನ್ನಾಗಿದೆ, ಯಾರೋ ವಾಸನೆ ತರುತ್ತಿದ್ದಾರೆ ಎಂದು ಹಟ ಹಿಡಿದಳು. ಸಿಕ್ಕಿದ್ದು ನೆಲ ಒರೆಸುವ ಆಯಾ. ಅತ್ತಿಗೆಯ ಅಪ್ಪಣೆಯಂತೆ ಆಕೆ ಆಗಲೇ ಫಿನಾಯಿಲ್ ಬಿಟ್ಟು ಬರೀ ನೀರಿನಲ್ಲಿ ಒರೆಸುತ್ತಿದ್ದಳು. ಆದರೂ ಊಟದ ಹೊತ್ತಿನಲ್ಲಿ, ಎಲ್ಲರೂ ತಟ್ಟೆ ಹಿಡಿದು ಕೂತಿದ್ದಾಗ, ಅತ್ತಿಗೆ ಆಕೆಯತ್ತ ಬೆರಳು ಮಾಡಿದಳು.

“ನೀರಿಂದಲ್ಲ, ಇವಳ ಮೈದೇ ವಾಸನೆ. ಇವಳು ಇನ್ಮೇಲೆ ಒಳಗೆ ಬರಬಾರ್ದು.”

ಆಯಾ ಬಕೆಟ್ಟು ಇಟ್ಟು ಹೊರಟುಹೋದಳು. ಕೆಲಸವೂ ಹೋಯಿತು. ನನಗೆ ಅತ್ತಿಗೆಯ ಮುಖ ನೋಡಲೂ ಅಸಹ್ಯವಾಯಿತು.

ಗೆರೆ ಮಾತ್ರ ಏರುತ್ತಲೇ ಇತ್ತು. ಒಂದು ದಿನ ನಾನು ಹೊಸ ಗ್ಲೌಸಿನ ಡಬ್ಬಿ ಕೊಡಲು ಹೋದೆ. ಅವಳು ಗಾಜಿನ ಚೂರಿನ ಪಕ್ಕದಲ್ಲೇ ಹಳೆಯ ಗ್ಲೌಸು ಕಿತ್ತಳು. ಮಣಿಕಟ್ಟು ಬಯಲಾಯಿತು, ಗೆರೆ ಸರ್ರನೆ ಮೇಲೇರಿತು. ಅವಳ ವಾಚಿನ ಚರ್ಮದ ಪಟ್ಟಿಯನ್ನು ನಾನು ಮೂಗಿಗೆ ಹಿಡಿದು ನೋಡಿದೆ. ದಿನಾ ಬೆಳಿಗ್ಗೆ ವಾಚು ಕಟ್ಟಿಕೊಂಡೇ ತಿಕ್ಕುತ್ತಿದ್ದಳಲ್ಲ, ಪಟ್ಟಿ ಅಮ್ಮನ ಮುಲಾಮನ್ನು ಚೆನ್ನಾಗಿ ಕುಡಿದಿತ್ತು. ಅಭ್ಯಾಸವಾಗಿ ಅವಳ ಮೂಗಿಗೆ ಗೊತ್ತಾಗುತ್ತಿರಲಿಲ್ಲ. ಅವಳು ಬೆಳೆಸಿದ ಮೂಗಿಗೆ ಗೊತ್ತಾಗಿತ್ತು.

ಮುಖ್ಯಸ್ಥರು ಕುಣಿದಾಡಿದರು. ಪ್ರೋಟೀನು ಕೆಟ್ಟಿರಲಿಲ್ಲ, ಯಾರಿಗೂ ತಿಳಿಯದಿದ್ದ ಅದರ ವಾಸನೆಯೂ ಸಿಕ್ಕಿತ್ತು. ಆಯಾಳ ಸುದ್ದಿ ಯಾರೂ ಎತ್ತಲಿಲ್ಲ. ಮನೆಗೆ ಬಂದು ನಾನು ಎತ್ತಿದೆ. ಬಾಯಿ ಮುಚ್ಚಿಕೊಂಡಿರು ಎಂದು ಗದರಿದಳು. ಆದರೆ ಮರುದಿನವೇ ಚಪ್ಪಲಿ ಮೆಟ್ಟಿಕೊಂಡು, ಆಯಾಳ ಮನೆ ತೋರಿಸು ಎಂದಳು.

ಆಯಾ ನಮ್ಮನ್ನು ಒಳಗೆ ಕರೆಯಲಿಲ್ಲ. ಬಾಗಿಲಿಗೆ ಅಡ್ಡಲಾಗಿ ನಿಂತು ಕೇಳಿಸಿಕೊಂಡಳು.

“ಸಾಹೇಬರಿಗೆ ಹೇಳಿದೀನಿ. ತಪ್ಪು ನಂದೇ. ಕೆಲಸಕ್ಕೆ ಬಾ,” ಎಂದಳು ಅತ್ತಿಗೆ.

“ನೀವು ನನಗಂದಿದ್ದು ಸಾಹೇಬರ ಕಿವೀಲಲ್ಲ ಮೇಡಂ, ಎಲ್ಲರ ಮುಂದೆ.”

ಬಾಗಿಲು ಮುಚ್ಚಿತು. ದಾರಿಯುದ್ದಕ್ಕೂ ಅತ್ತಿಗೆ ಆಕೆಯನ್ನು ಬೈಯುತ್ತಾ ಬಂದಳು. ಎಷ್ಟು ಕೊಬ್ಬು, ಎಷ್ಟು ಸೊಕ್ಕು ಎಂದಳು.

ಪ್ರೋಟೀನು ಕೊಳ್ಳುವವರು ನೋಡಲು ಬಂದ ದಿನ ಲ್ಯಾಬು ತುಂಬಿತ್ತು. ಅತ್ತಿಗೆ ಹೇಳಿಕಳಿಸಿದ್ದಳೆಂದು ಆಯಾಳೂ ಬಂದು ಬಾಗಿಲಲ್ಲಿ ನಿಂತಿದ್ದಳು. ಅತ್ತಿಗೆ ವಾಚು ಬಿಚ್ಚಿ ಗಾಜಿನ ಚೂರಿನ ಹತ್ತಿರ ಹಿಡಿದಳು. ಗೆರೆ ಏರಿತು. ಎಲ್ಲರೂ ಚಪ್ಪಾಳೆ ತಟ್ಟಲು ಕೈಯೆತ್ತಿದ್ದರು.

“ಈ ವಾಸನೆ ನನ್ನದು. ಇವರ ಮೈಯಲ್ಲಿ ಯಾವ ವಾಸನೇನೂ ಇರ್ಲಿಲ್ಲ. ಎಲ್ಲರ ಮುಂದೆ ನಾನು ಹೇಳಿದ್ದು ಸುಳ್ಳು,” ಎಂದಳು ಆಯಾಳತ್ತ ಕೈ ತೋರಿಸಿ, ಜಗಳ ಕಾಯುವ ದನಿಯಲ್ಲೇ.

ಮುಖ್ಯಸ್ಥರ ಮುಖ ಹರಳೆಣ್ಣೆ ಕುಡಿದಂತಾಯಿತು. ಬಂದವರಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯಬೇಕಾದ ಆಯಾ ಬಕೆಟ್ಟಿಗೆ ನೀರು ತುಂಬಲು ಹೋದಳು.

ಅತ್ತಿಗೆಯ ಕೈಗೆ ಮುಲಾಮು ತಾಗಬಾರದೆಂದು ಅಮ್ಮನ ಮಂಡಿ ತಿಕ್ಕುವ ಕೆಲಸ ಈಗ ನನ್ನ ತಲೆಗೆ ಬಿದ್ದಿದೆ. ನಾನು ತಿಕ್ಕುವುದು ಸರಿಯಿಲ್ಲ, ಅವಳ ಕೈಯೇ ವಾಸಿ ಎಂದು ಅಮ್ಮ ಗೋಡೆಗೆ ಹೇಳುತ್ತಾಳೆ. ಆಯಾ ಲ್ಯಾಬನ್ನೆಲ್ಲ ಒರೆಸುತ್ತಾಳೆ, ಅತ್ತಿಗೆಯ ಮೇಜಿನ ಕೆಳಗೊಂದನ್ನು ಬಿಟ್ಟು. ಅದನ್ನು ಅತ್ತಿಗೆ ದಿನಾ ಸಂಜೆ ಮಂಡಿಯೂರಿ ತಾನೇ ಒರೆಸಿಕೊಳ್ಳುತ್ತಾಳೆ. ಆಯಾ ಬಾಗಿಲಲ್ಲಿ ನಿಂತು ಅದು ಮುಗಿಯುವವರೆಗೂ ನೋಡುತ್ತಾಳೆ, ಆಮೇಲೆ ದೀಪ ಆರಿಸುತ್ತಾಳೆ.