ಖಾಲಿ ಅರಮನೆಗೆ ಒಬ್ಬಳು

ವೆನಿಸ್ ಊರಿನ ಹಿಂದಿನ ಕಾಲುವೆಯೊಂದರ ಬದಿಯ ಮಾಳಿಗೆಯಲ್ಲಿ ಕೂತು ಬೋರ್ತೊಲೊ ಎಲ್ಲೂ ಇಲ್ಲದ ಅರಮನೆಗಳನ್ನು ಬರೆಯುತ್ತಿದ್ದ. ಮೋಡಕ್ಕೆ ತಾಗುವ ಕಮಾನು, ಎಲ್ಲಿಗೂ ಮುಟ್ಟದ ಮೆಟ್ಟಿಲು, ಹುಲ್ಲು ಹತ್ತಿದ ಕಂಬಸಾಲು. ಬಾತಿನ ಗರಿಯ ಲೇಖನಿ, ಕಂದು ಶಾಯಿ, ಅಷ್ಟೇ ಬಂಡವಾಳ. ತಾನಿದ್ದದ್ದು ಮಾತ್ರ ಕಾಲು ಚಾಚಿದರೆ ಗೋಡೆ ತಾಗುವ ಕೋಣೆ. ಬಿಳಿ ಹಿಟ್ಟು ಉದುರಿಸಿದ ಚೌರಿಗೂದಲು ತಲೆಗೆ ತೊಟ್ಟು ಊರು ನೋಡಲು ಬರುವ ಪರದೇಶದ ಸಾಹುಕಾರರಿಗೆ ಇಂಥ ಸುಳ್ಳು ಅರಮನೆಗಳೆಂದರೆ ಪ್ರಾಣ. ಹುಚ್ಚರು, ಆದರೆ ಕೊಳ್ಳುವ ಹುಚ್ಚರು!

ಹರೆಯದಲ್ಲಿ ಅವನು ನಾಟಕದ ಪರದೆ ಬರೆಯುತ್ತಿದ್ದವನು. ವೇಷದ ಬಟ್ಟೆ ಹೊಲಿಯುತ್ತಿದ್ದ ಓರ್ಸೊಲಾ ಅಲ್ಲೇ ಸಿಕ್ಕಿದಳು, ಮದುವೆಯಾಯಿತು. ಆಮೇಲೆ ಹಾಳೆಯ ಮೇಲೆ ಕಟ್ಟಡ ಅವನದು, ಒಳಗಿನ ಜನ ಅವಳದು. ಈ ಕಸುಬೇ ಹಾಗೆ. ಕಂಬ ಬರೆಯುವ ಕೈ ಬೇರೆ, ಮನುಷ್ಯರನ್ನು ಬರೆಯುವ ಕೈ ಬೇರೆ. ಅವಳು ಎಳ್ಳಿನಷ್ಟು ಚಿಕ್ಕ ಮನುಷ್ಯರನ್ನಿಟ್ಟರೆ ಸಾಕು, ಅರಮನೆ ಆಕಾಶಕ್ಕೆ ಬೆಳೆಯುತ್ತಿತ್ತು. ಹೋದ ಚಳಿಗಾಲದ ಜ್ವರದಲ್ಲಿ ಅವಳು ಹೋದಳು. ಅಂದಿನಿಂದ ಅವನ ಹಾಳೆಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಈಗಲೂ ಮೆಕ್ಕೆಜೋಳದ ಮುದ್ದೆ ಇಬ್ಬರಿಗಾಗುವಷ್ಟು ತಿರುವಿಬಿಡುತ್ತಾನೆ.

ಚಿತ್ರ ಮಾರುವ ತಡ್ಡೆಯೊ ಮುಖಕ್ಕೆ ಹೊಡೆದ ಹಾಗೆ ಹೇಳಿದ: "ಏನ್ರೀ ಮೇಷ್ಟ್ರೇ, ಊರಿಗೆಲ್ಲ ಪ್ಲೇಗ್ ಬಂದು ಹೋದ ಹಾಗಿದೆ! ಜನ ಇಲ್ದಿದ್ರೆ ಇನ್ನು ಒಂದು ಹಾಳೇನೂ ತಗೊಳಲ್ಲ ನಾನು."

ಬೀಸಣಿಗೆಗಳ ಮೇಲೆ ಚಿತ್ರ ಬರೆಯುವ ಮೆನೆಗಾ ಎಂಬ ವಿಧವೆಯನ್ನು ಜನರನ್ನು ಬರೆಯಲೆಂದು ಅವನೇ ಕಳಿಸಿದ. ಓರ್ಸೊಲಾಳ ಜಾಗದಲ್ಲಿ ಇನ್ನೊಬ್ಬಳ ಕೈ ಆಡುವುದನ್ನು ಬೋರ್ತೊಲೊ ನೋಡಲಾರ. ಬೇಡವೆಂದರೆ ಒಲೆ ಹೊತ್ತುವುದಿಲ್ಲ. ಒಂದು ಹಾಳೆ ಕೊಟ್ಟು, ಬೆನ್ನು ತಿರುಗಿಸಿ ಕಿಟಕಿಯಲ್ಲಿ ನಿಂತ.

ತಿರುಗಿ ನೋಡಿದರೆ, ಅಯ್ಯೋ ದೇವರೇ! ಬೀಸಣಿಗೆಯ ರೂಢಿಯಂತೆ ಮೆನೆಗಾ ಹೆಬ್ಬೆರಳುದ್ದದ ಮೀನಿನವನನ್ನು ಕಮಾನಿನ ಕೆಳಗೆ ನಿಲ್ಲಿಸಿದ್ದಳು. ಬಗ್ಗದಿದ್ದರೆ ಅವನ ತಲೆಗೆ ಕಮಾನು ಬಡಿಯುವಂತಿತ್ತು.

"ಏನಮ್ಮಾ ಇದು! ರಾಜರಿರೋ ಅರಮನೇನ ಕೋಳಿಗೂಡು ಮಾಡಿಟ್ಟೆಯಲ್ಲ!"

"ಬಯ್ಬೇಡಿ ಮೇಷ್ಟ್ರೇ. ಬೀಸಣಿಗೇಲಿ ಮುಖ ಕಾಣ್ದಿದ್ರೆ ಹೆಂಗಸ್ರು ಮುಟ್ಟೋದೇ ಇಲ್ಲ, ಅದೇ ಅಭ್ಯಾಸ. ಇನ್ನೊಂದು ಹಾಳೆ ಕೊಡಿ, ಇರುವೆ ಥರ ಬರೀತೀನಿ. ಯಾರನ್ನ ಬರೀಲಿ?"

ಅವನು ಇನ್ನೊಂದು ಹಾಳೆ ಅವಳ ಮುಂದಿಟ್ಟ. "ಒಬ್ಬ ಹೆಂಗಸು. ಮೆಟ್ಟಿಲ ಮೇಲೆ ಕೂತಿರ್ಲಿ. ಸ್ವಲ್ಪ ದಪ್ಪ. ತಲೆವಸ್ತ್ರ ಯಾವಾಗ್ಲೂ ಜಾರ್ತಿತ್ತು... ನಗುವಾಗ ಎಡಗೆನ್ನೇಲಿ ಗುಳಿ ಬೀಳ್ತಿತ್ತು."

ಯಾರೆಂದು ಮೆನೆಗಾಗೆ ತಿಳಿಯಿತು. ಗರಿ ಕೆಳಗಿಟ್ಟಳು. "ಇರುವೆಯಷ್ಟರಲ್ಲಿ ಕೆನ್ನೆ ಗುಳಿ ಎಲ್ಲಿ ಬರತ್ತೆ ಮೇಷ್ಟ್ರೇ?"

ಬೋರ್ತೊಲೊ ತಿಂಗಳುಗಟ್ಟಲೆ ಕೂತು ಬರೆದಿದ್ದ ತನ್ನ ಅತಿ ದೊಡ್ಡ ಅರಮನೆಯನ್ನು ತಂದು ಅವಳ ಮುಂದೆ ಹರಡಿದ. ತಡ್ಡೆಯೊ ಆಮೇಲೆ ಇದನ್ನು ಮೂಸಿಯೂ ನೋಡುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಗುಳಿ ಕಾಣೋಷ್ಟು ದೊಡ್ಡದಾಗಿ ಬರಿ ತಾಯಿ," ಎಂದ. "ಅರಮನೆ ಚಿಕ್ಕದಾದ್ರೆ ಆಗ್ಲಿ."